ಹಳೆ ಫೆರಾರಿ ಎಫ್355 ಕೊಳ್ಳಲಾ, ಬಿಡಲಾ? ಇಟ್ಟುಕೊಂಡವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. 1997ರ ಎಫ್355 ಒಂದು ಮಾರಾಟಕ್ಕಿದೆ. ಗೇರ್ ಬಾಕ್ಸ್ ಮ್ಯಾನುಯಲ್. ಭಾನುವಾರ ಹೋಗಿ ನೋಡಿ ಬಂದೆ. ಕೆಂಪು ಬಣ್ಣ ಇನ್ನೂ ಫಳಫಳ. ಆದರೆ ಕಿಟಕಿಯ ಬಟನ್ ಒತ್ತಿದರೆ ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟಿತು. ಆ ಕಾಲದ ಲೇಪನ ವಯಸ್ಸಾದರೆ ಹೀಗೇ ಕರಗುತ್ತದಂತೆ. ಅದು ಬಿಡಿ, ಸಣ್ಣ ವಿಷಯ.

ನನ್ನ ಭಯ ಎಂಜಿನ್‌ದು. 3.5 ಲೀಟರ್ ವಿ8, ಅಂದರೆ 8 ಸಿಲಿಂಡರ್, ಸಿಲಿಂಡರಿಗೆ 5ರಂತೆ ಒಟ್ಟು 40 ವಾಲ್ವ್. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಓಟಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ರಬ್ಬರ್ ಪಟ್ಟಿ) ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. ಕಾರು ಓಡಲಿ, ಸುಮ್ನೆ ಶೆಡ್ಡಲ್ಲಿ ನಿಂತಿರಲಿ, ಕೆಲವು ವರ್ಷಕ್ಕೊಮ್ಮೆ ಈ ಕೆಲಸ ತಪ್ಪಿದ್ದಲ್ಲ. ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಆಮೇಲೆ ಮನೆ ಮಠ ಮಾರಬೇಕು! ಇಲ್ಲಿನ ಒಬ್ಬ ಮೆಕ್ಯಾನಿಕ್ ಬೆಲ್ಟ್ ಸರ್ವೀಸಿಗೇ 9 ಸಾವಿರ ಡಾಲರ್ ಅಂದರು. ಈ ಕಾರಿನ ಕೊನೆಯ ಬೆಲ್ಟ್ ಬಿಲ್ 2016ರದ್ದು. ಮಾರುವವರು "ಜಾಸ್ತಿ ಓಡಿಸಿಲ್ಲ" ಎನ್ನುತ್ತಾರೆ. ರಬ್ಬರಿಗೆ ಅದು ಗೊತ್ತಾಗುತ್ತಾ?

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆ) ಬಿರುಕು ಬಿಡುವುದು, ಮೊದಮೊದಲು ಬಂದ ಎಫ್355ಗಳ ಕಂಚಿನ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಜಾರುವ ಸಣ್ಣ ಕೊಳವೆ) ಸವೆಯುವುದು ಈ ಕಾರಿಗೆ ಹೊಸದಲ್ಲ. 1997ರದ್ದರಲ್ಲಿ ಯಾವ ಗೈಡ್ ಇದೆ ಎಂದು ಎಂಜಿನ್ ಬಿಚ್ಚದೆ ಹೇಳಬಹುದಾ? ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿದರೆ ಸಾಕಾ, ಕಂಪ್ರೆಷನ್ನೂ (ಸಿಲಿಂಡರ್ ಒಳಗೆ ಏಳುವ ಒತ್ತಡ) ನೋಡಿಸಬೇಕಾ? ಇನ್ಶೂರೆನ್ಸ್, ಟೈರು, ಬೆಲ್ಟ್ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಎತ್ತಿಡುತ್ತೀರಿ?

ಹೆಂಡತಿಗೆ ಇನ್ನೂ ಹೇಳಿಲ್ಲ. ಶುಕ್ರವಾರದೊಳಗೆ ಮಾರುವವರಿಗೆ ಉತ್ತರ ಕೊಡಬೇಕು.