ಸಹಾಯ ಬೇಕು: ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಮರುದಿನವೇ ಸ್ಕೈಡೈವ್ ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಪ್ಲಾನ್ ನೋಡಿ ನನಗೆ ನಿದ್ದೆ ಬರುತ್ತಿಲ್ಲ. ಶನಿವಾರ ಮಧ್ಯಾಹ್ನ ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿಗೆ ಹೋಗಿ ಎರಡು ಡೈವ್. ರಾತ್ರಿಯೇ ಘಾಟಿ ಹತ್ತಿ ಮೈಸೂರು. ಭಾನುವಾರ ಬೆಳಿಗ್ಗೆ 10,000 ಅಡಿಯಿಂದ ಜಂಪ್!

ನೀರಿನಡಿ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗಿಕೊಳ್ಳುತ್ತದೆ, ಅಲ್ವಾ? ಅದು ಪೂರ್ತಿ ಹೊರಹೋಗುವ ಮೊದಲೇ ಎತ್ತರಕ್ಕೆ ಹೋದರೆ ಗೋಲಿ ಸೋಡಾ ಒಡೆದ ಹಾಗೆ ಒಳಗೇ ಗುಳ್ಳೆ. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದರೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು ಅಂತ ನನ್ನ ಕೋರ್ಸಿನಲ್ಲಿ ಹೇಳಿದ್ದರು. ಆದರೆ ಅದು ಪ್ರಯಾಣಿಕರ ವಿಮಾನದ ಲೆಕ್ಕ. ಅದರೊಳಗೆ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ಜಂಪ್ ವಿಮಾನದ ಬಾಗಿಲೇ ತೆರೆಯುತ್ತಾರೆ!

ಬುಕ್ಕಿಂಗ್ ಮಾಡಿದವರು "ಏನೂ ಆಗಲ್ಲ ಸಾರ್" ಅಂದರಂತೆ. ನನಗೂ ಒಮ್ಮೆ ಹೀಗೇ ಹೇಳಿದ್ದರು. ನೆಗಡಿ ಇದ್ದರೂ ಇಳಿದೆ. ಐದು ಮೀಟರಿಗೇ ಕಿವಿ ಚುಚ್ಚಿತು, ಮೇಲೆ ಬಂದಾಗ ಮಾಸ್ಕಿನಲ್ಲಿ ರಕ್ತ. ಅದಕ್ಕೇ ಈ ಹೆದರಿಕೆ.

ಗೊತ್ತಿರುವವರು ದಯವಿಟ್ಟು ಹೇಳಿ: ಸ್ಕೈಡೈವ್‌ಗೆ ನೀವು ಎಷ್ಟು ಗಂಟೆ ಅಂತರ ಬಿಡುತ್ತೀರಿ? ಅದೇ ರಾತ್ರಿ ಘಾಟಿ ಹತ್ತುವುದೂ ತೊಂದರೆಯಾ? ಮೊದಲು ಜಂಪ್, ಆಮೇಲೆ ಸಮುದ್ರ ಅಂತ ತಿರುಗಿಸು ಅಂದೆ. ಬುಕ್ಕಿಂಗ್ ದುಡ್ಡು ಹೋಗುತ್ತದೆ ಅನ್ನುತ್ತಾನೆ. ಡೈವ್ ಮಾಡಿಸುವವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ, ಅವನಿಗೆ ತೋರಿಸುತ್ತೇನೆ. ಅಕ್ಕನ ಮಾತು ಅವನು ಕೇಳುವುದಿಲ್ಲ.