ಅಪ್ಪ ಅಮ್ಮ ಕ್ರಿಸ್ಮಸ್‌ಗೆ ಬರುತ್ತಿದ್ದಾರೆ: ಮಾಂಸವಿಲ್ಲದ ಝೆಕ್ ಅಡುಗೆ ಯಾವುದು ಮಾಡಲಿ?

ಬ್ರ್ನೋ ನಿವಾಸಿ:
ಧಾರವಾಡದಿಂದ ಅಪ್ಪ ಅಮ್ಮ ಡಿಸೆಂಬರಿನಲ್ಲಿ ಬರುತ್ತಾರೆ, ಹೊಸ ವರ್ಷದವರೆಗೂ ಇರುತ್ತಾರೆ. ಮಾಂಸ, ಮೀನು ತಿನ್ನುವುದಿಲ್ಲ. ಮೊಟ್ಟೆ ಹಿಟ್ಟಿನೊಳಗೆ ಸೇರಿದ್ದರೆ ಅಭ್ಯಂತರವಿಲ್ಲ. ಇಲ್ಲಿನ ಹೋಟೆಲುಗಳಲ್ಲಿ ಮಾಂಸವಿಲ್ಲದ್ದು ಎಂದರೆ ಕರಿದ ಚೀಸ್ ಒಂದೇ ಸಿಗುತ್ತದೆ. ನಿಜವಾದ ಝೆಕ್ ಮನೆಯೂಟ ಉಣಿಸಬೇಕೆಂದು ಆಸೆ. ಕೆನೆ ಸಾರಿನಲ್ಲಿ ಬಡಿಸುವ ಗೋಮಾಂಸದ ಅಡುಗೆ ಸ್ವಿಚ್ಕೊವಾವನ್ನು ಮಾಂಸ ಬಿಟ್ಟು ಮಾಡಬಹುದೇ?

ಬೊಹೆಮಿಯಾದ ಸೊಸೆ:
ದಯವಿಟ್ಟು ಸ್ವಿಚ್ಕೊವಾಗೆ ಕೈಹಾಕಬೇಡಿ. ಆ ಸಾರಿನ ಜೀವವೇ ಕ್ಯಾರೆಟ್, ಸೆಲರಿ ಗೆಡ್ಡೆ, ಪಾರ್ಸ್ಲಿ ಬೇರಿನೊಂದಿಗೆ ಹದವಾಗಿ ಬೆಂದ ಗೋಮಾಂಸದ ರಸ. ಅದನ್ನು ತೆಗೆದರೆ ಉಳಿಯುವುದು ಕೆನೆ ಹಾಕಿದ ತರಕಾರಿ ಗೊಜ್ಜು. ಝೆಕ್ ಮನೆಗಳಲ್ಲಿ ಮಾಂಸವಿಲ್ಲದೆಯೇ ಹುಟ್ಟಿದ ಅಡುಗೆಗಳು ಬೇಕಾದಷ್ಟಿವೆ. ಅವುಗಳನ್ನೇ ಮಾಡಿ.

ಮೊದಲನೆಯದು ಕುಬಾ, ಅಂದರೆ ಬಾರ್ಲಿ, ಒಣ ಅಣಬೆ ಬೆರೆಸಿ ಓವನ್‌ನಲ್ಲಿ ಬೇಯಿಸುವ ಅಡುಗೆ. ಡಿಸೆಂಬರ್ 24 ಇಲ್ಲಿ ಉಪವಾಸದ ದಿನ. ರಾತ್ರಿಯ ಊಟದವರೆಗೆ ಏನೂ ತಿನ್ನದ ಮಕ್ಕಳಿಗೆ ಚಿನ್ನದ ಹಂದಿಮರಿ ಕಾಣುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ದಿನಕ್ಕೆಂದೇ ಇರುವ ಅಡುಗೆ ಇದು. ನನ್ನ ಅತ್ತೆ ಯಿಚೀನ್ ಕಡೆಯವರು. ಕಾಡಿನಿಂದ ತಾವೇ ಆರಿಸಿ ತಂದು ಒಣಗಿಸಿದ ಅಣಬೆಯಿಲ್ಲದೆ ಅವರು ಕುಬಾಗೆ ಒಲೆ ಹಚ್ಚುವುದಿಲ್ಲ. ನೀವು ಅಂಗಡಿಯ ಒಣ ಅಣಬೆಯನ್ನೇ ತೆಗೆದುಕೊಳ್ಳಿ, ಆದರೆ ಕೈಬಿಗಿ ಮಾಡಬೇಡಿ.

ಎರಡು ಹಿಡಿ ಅಣಬೆಯನ್ನು ಎರಡು ಮೂರು ತಾಸು ನೆನೆಸಿ, ಅದೇ ನೀರಿನಲ್ಲಿ ಬೇಯಿಸಿ. ಆ ನೀರನ್ನು ಸೋಸಿ ಇಟ್ಟುಕೊಳ್ಳಿ, ಚೆಲ್ಲಿದರೆ ಅರ್ಧ ರುಚಿ ಹೋದಂತೆಯೇ. 250 ಗ್ರಾಂ ಬಾರ್ಲಿಯನ್ನು ಉಪ್ಪು ಹಾಕಿ ಮೆತ್ತಗೆ ಬೇಯಿಸಿ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಎಲ್ಲವನ್ನೂ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು, ಕಾಳುಮೆಣಸಿನ ಪುಡಿ, ಒಣಗಿದ ಮರುಗ ಧಾರಾಳವಾಗಿ ಹಾಕಿ. ಹೌದು, ನಮ್ಮಲ್ಲಿ ಹೂಮಾಲೆಗೆ ಸೇರಿಸುವ ಮರುಗವೇ. ಇಲ್ಲಿ ಅದಿಲ್ಲದೆ ಆಲೂಗಡ್ಡೆ ಸೂಪೂ ಆಗುವುದಿಲ್ಲ. ಮೇಲೆ ಅಣಬೆಯ ನೀರು ಸ್ವಲ್ಪ ಸುರಿದು 180 ಡಿಗ್ರಿಯಲ್ಲಿ ಅರ್ಧ ತಾಸು ಓವನ್‌ನಲ್ಲಿಡಿ. ಅಂಚುಗಳು ಗರಿಗರಿಯಾಗಬೇಕು. ಹಳೆಯ ಪದ್ಧತಿಯಲ್ಲಿ ಹಂದಿಕೊಬ್ಬು ಸವರುವುದುಂಟು, ಬೆಣ್ಣೆ ಸಾಕು.

ಎರಡನೆಯದು ಕೊಪ್ರೊವ್ಕಾ, ಅಂದರೆ ಸಬ್ಬಸಿಗೆ ಸೊಪ್ಪಿನ ಸಾರು. ನಿಮ್ಮ ಅಮ್ಮನಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸೇರಿಸಿ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಹಸಿ ಹಿಟ್ಟಿನ ವಾಸನೆ ಪೂರ್ತಿ ಹೋಗಲಿ. ಕೆನೆ, ಸಕ್ಕರೆ, ಉಪ್ಪು, ವಿನೆಗರ್ ಹಾಕಿ ಒಲೆಯಿಂದ ಇಳಿಸಿದ ಮೇಲಷ್ಟೇ ಸೊಪ್ಪು ಸೇರಿಸಿ. ಬೇಯಿಸಿದ ಆಲೂಗಡ್ಡೆಯೊಂದಿಗೆ ಬಡಿಸಿ.

ಪ್ರಾಗ್ ಓದುಗ:
ಕುಬಾಗೆ ಕ್ಯಾರವೇ ಕಾಳು (ನೋಡಲು ಜೀರಿಗೆಯಂತಿರುವ ಮಸಾಲೆ) ಬಿಟ್ಟಿರಲ್ಲ! ನಮ್ಮ ಪಕ್ಕದ ಮನೆಯವರು ತಪ್ಪದೆ ಹಾಕುತ್ತಾರೆ. ಅಂದಹಾಗೆ, ಸೂಪ್ ಕ್ಯೂಬ್ ಕೊಳ್ಳುವಾಗ ಹಿಂಬದಿ ಓದಿಕೊಳ್ಳಿ, ತರಕಾರಿ ಚಿತ್ರ ಕಂಡರಷ್ಟೇ ಸಾಲದು. ಬೇಕರಿ ತಿನಿಸಿನಲ್ಲಿ ‘ಸಾಡ್ಲೊ’ ಎಂದು ಬರೆದಿದ್ದರೆ ಅದು ಹಂದಿಕೊಬ್ಬು.

ಮೈಸೂರು ಅಡುಗೆಮನೆ:
ಕ್ನೆಡ್ಲಿಕ್ (ನೀರಿನಲ್ಲಿ ಬೇಯಿಸಿದ ಹಿಟ್ಟಿನ ಉರುಳೆ) ಇಲ್ಲದೆ ಝೆಕ್ ಊಟವೇ? ಇಲ್ಲಿ ಅದಕ್ಕೆ ಯಾವ ಹಿಟ್ಟು ಬಳಸಬಹುದು?

ಬೊಹೆಮಿಯಾದ ಸೊಸೆ:
ಕ್ಯಾರವೇ ಹಾಕುವ ಮನೆಗಳೂ ಇವೆ, ಹಾಕಿ. ನಮ್ಮ ಅತ್ತೆಗೆ ಅದು ಅಣಬೆಯ ಪರಿಮಳವನ್ನು ಮುಚ್ಚುತ್ತದೆ ಎಂಬ ಹಟ, ನಾನೂ ಅವರ ಪಕ್ಷ.

ಮೈಸೂರಿನವರಿಗೆ: ಝೆಕ್ ಅಂಗಡಿಗಳಲ್ಲಿ ಗೋಧಿ ಹಿಟ್ಟನ್ನು ನಯ, ಅರೆತರಿ, ತರಿ ಎಂದು ಬೇರೆಬೇರೆಯಾಗಿ ಮಾರುತ್ತಾರೆ. ಕ್ನೆಡ್ಲಿಕ್‌ಗೆ ಬೇಕಾದದ್ದು ತರಿ ಅಥವಾ ಅರೆತರಿ. ಬರೀ ಮೈದಾ ಹಾಕಿದರೆ ಅಂಟಂಟಾಗುತ್ತದೆ. ಮೈದಾಕ್ಕೆ ಚಿರೋಟಿ ರವೆ ಬೆರೆಸಿಕೊಳ್ಳಿ. 500 ಗ್ರಾಂ ಹಿಟ್ಟಿಗೆ ಸುಮಾರು 250 ಮಿಲಿ ಬೆಚ್ಚಗಿನ ಹಾಲು, ಒಂದು ಮೊಟ್ಟೆ, 20 ಗ್ರಾಂ ತಾಜಾ ಈಸ್ಟ್, ಉಪ್ಪು, ಹಳೆಯ ಬನ್ನಿನ ಚೂರುಗಳು. ಒಂದು ತಾಸು ಉಬ್ಬಿದ ಮೇಲೆ ಉದ್ದುದ್ದ ಉರುಳೆ ಮಾಡಿ, ಅಗಲ ಪಾತ್ರೆಯ ಕುದಿನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿ. ತೆಗೆದ ಕೂಡಲೇ ಫೋರ್ಕಿನಿಂದ ಚುಚ್ಚಬೇಕು. ಒಳಗಿನ ಹಬೆ ಹೊರಬರದಿದ್ದರೆ ಕುಸಿದು ಗಟ್ಟಿಯಾಗುತ್ತದೆ. ಚಾಕು ಬೇಡ, ದಾರ ಸುತ್ತಿ ಎಳೆದು ಕತ್ತರಿಸಿ.

ಬ್ರ್ನೋ ನಿವಾಸಿ:
ಕುಬಾ, ಕೊಪ್ರೊವ್ಕಾ ಎರಡೂ ಖಚಿತ. ಜನವರಿ 1ಕ್ಕೆ ಏನು ಮಾಡಲಿ?

ಬೊಹೆಮಿಯಾದ ಸೊಸೆ:
ಚೆನ್ನಂಗಿ ಬೇಳೆ. ವರ್ಷವಿಡೀ ಕೈಯಲ್ಲಿ ಹಣ ಓಡಾಡಲಿ ಎಂದು ಅಂದು ಎಲ್ಲರ ಮನೆಯಲ್ಲೂ ಅದೇ. ಸಿಪ್ಪೆಯಿರುವ ಇಡೀ ಕಾಳು ತನ್ನಿ, ಬೇ ಎಲೆ ಹಾಕಿ ಬೇಯಿಸಿ, ಈರುಳ್ಳಿ ಜೊತೆ ಹುರಿದ ಹಿಟ್ಟಿನಿಂದ ಗಟ್ಟಿ ಮಾಡಿ. ವಿನೆಗರ್ ಕೊನೆಯಲ್ಲಿ, ಚಮಚ ಚಮಚವಾಗಿ, ರುಚಿ ನೋಡುತ್ತಾ ಹಾಕಿ. ಬೇಗ ಹಾಕಿದರೆ ಕಾಳು ಬೇಯುವುದೇ ಇಲ್ಲ. ಪಕ್ಕಕ್ಕೆ ಸೌತೆಕಾಯಿ ಉಪ್ಪಿನಕಾಯಿ ಇರಲಿ.