ಪುಟ್ಟನ ತಟ್ಟೆ ಮತ್ತು ದೊಡ್ಡಪ್ಪ ಕಳಿಸಿದ ವಿಡಿಯೋ

ದೊಡ್ಡಪ್ಪ: (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ವಿಡಿಯೋ) "ಗೋಧಿ, ಹಾಲು ನಿಲ್ಲಿಸಿ. 90 ದಿನದಲ್ಲಿ ಆಟಿಸಂ ಮಾಯ!"

ದೊಡ್ಡಪ್ಪ: ಮಗಳೇ, ಇದನ್ನು ಪೂರ್ತಿ ನೋಡು. 12 ನಿಮಿಷ ಅಷ್ಟೇ. ಪುಟ್ಟನಿಗೆ ಇವತ್ತಿನಿಂದಲೇ ಶುರು ಮಾಡು.

ಚಿಕ್ಕಮ್ಮ: ನಾನೂ ನೋಡಿದೆ. ಮಾತೇ ಆಡದಿದ್ದ ಮಗು ಕೊನೆಯಲ್ಲಿ ಅಮ್ಮಾ ಎನ್ನುತ್ತದೆ. ಕಣ್ಣಲ್ಲಿ ನೀರು ಬಂತು.

ನಾನು: ಪೂರ್ತಿ ನೋಡಿದೆ ದೊಡ್ಡಪ್ಪ. ಪುಟ್ಟನ ಮೇಲಿನ ಪ್ರೀತಿಯಿಂದಲೇ ಕಳಿಸಿದ್ದೀರಿ, ಗೊತ್ತು. ಆದರೆ ನಾನು ಶುರು ಮಾಡುವುದಿಲ್ಲ.

ದೊಡ್ಡಪ್ಪ: ಯಾಕಮ್ಮಾ? ಮಾತ್ರೆ ನುಂಗಿಸು ಅಂತ ಹೇಳುತ್ತಿಲ್ಲವಲ್ಲ. ಎರಡು ಪದಾರ್ಥ ಬಿಡಿಸು ಅಂತ ಅಷ್ಟೇ. ಬಿಟ್ಟರೆ ಏನು ನಷ್ಟ?

ನಾನು: ಪುಟ್ಟ ಈಗ ತಿನ್ನುವುದು ಒಟ್ಟು ಏಳೇ ಪದಾರ್ಥ. ಹಾಲು, ಮೊಸರು, ಅಂಚು ಕತ್ತರಿಸಿದ ಬ್ರೆಡ್, ಒಂದೇ ಒಂದು ಕಂಪನಿಯ ಬಿಸ್ಕತ್ತು, ಬಿಳಿ ಅನ್ನ, ಚುಕ್ಕೆ ಬೀಳದ ಬಾಳೆಹಣ್ಣು, ಸಿಪ್ಪೆ ತೆಗೆದ ಸೇಬು. ಗೋಧಿ, ಹಾಲು ತೆಗೆದರೆ ಉಳಿಯುವುದು ಮೂರು. ಅನ್ನ, ಬಾಳೆಹಣ್ಣು, ಸೇಬು. ಬೆಳೆಯುವ ಮಗು ಇಷ್ಟರಲ್ಲಿ ಹೇಗೆ ಇರುತ್ತದೆ ಹೇಳಿ.

ಭಾವ: ಅದಕ್ಕೆ ಬದಲು ಬೇರೆ ಏನಾದರೂ ಕೊಡಬಹುದು ಅಲ್ವಾ? ಗೋಧಿ ಇಲ್ಲದ ಬ್ರೆಡ್ ಸಿಗುತ್ತದೆ, ಬಾದಾಮಿ ಹಾಲು ಸಿಗುತ್ತದೆ.

ನಾನು: ಸಿಗುತ್ತದೆ ಭಾವ. ಅವನು ಅದನ್ನು ಬ್ರೆಡ್ ಅಂತ ಒಪ್ಪಬೇಕಲ್ಲ. ಬಿಸ್ಕತ್ತಿನ ಕಂಪನಿಯವರು ಕವರಿನ ಬಣ್ಣ ಬದಲಿಸಿದಾಗ ಮೂರು ವಾರ ಅದನ್ನು ಮುಟ್ಟಲಿಲ್ಲ. ಒಳಗಿನ ಬಿಸ್ಕತ್ತು ಅದೇ.

ದೊಡ್ಡಮ್ಮ: ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ತುಂಬಾ ಮುದ್ದು ಮಾಡುತ್ತೀಯ. ಹೊಟ್ಟೆ ಹಸಿದರೆ ಮಕ್ಕಳು ತಾವಾಗಿಯೇ ತಿನ್ನುತ್ತಾರೆ. ನಾವು ಐದು ಮಕ್ಕಳನ್ನು ಹಾಗೇ ಬೆಳೆಸಿದ್ದು.

ನಾನು: ಬೇಜಾರಿಲ್ಲ ದೊಡ್ಡಮ್ಮ. ಹೆಚ್ಚಿನ ಮಕ್ಕಳ ವಿಷಯದಲ್ಲಿ ನಿಮ್ಮ ಮಾತು ಸರಿ. ಪುಟ್ಟನದು ಹಟ ಅಲ್ಲ. ಮೆತ್ತಗಿರುವ ತರಕಾರಿ ನಾಲಿಗೆಗೆ ತಗುಲಿದ ತಕ್ಷಣ ಅವನಿಗೆ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನಮಗೆ ಬಾಯಲ್ಲಿ ಮರಳು ಬಿದ್ದ ಹಾಗೆ ಅಂದುಕೊಳ್ಳಿ. ವಾಸನೆ, ಬಿಸಿ, ತಿನ್ನುವಾಗ ಬರುವ ಸದ್ದು, ಎಲ್ಲವೂ ನಮಗಿಂತ ಜಾಸ್ತಿ ತಾಗುತ್ತದೆ. ಇಂಥ ಮಕ್ಕಳು ಹಸಿದರೂ ತಿನ್ನದೆ ಕೂರುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಕೆಲವೇ ಪದಾರ್ಥ ತಿಂದು ಸ್ಕರ್ವಿ ಅನ್ನುವ ಕಾಯಿಲೆ ಬಂದ ಆಟಿಸಂ ಮಕ್ಕಳ ಬಗ್ಗೆ ಡಾಕ್ಟರುಗಳೇ ಬರೆದಿದ್ದಾರೆ. ಕಾಲು ನೋವು ಅಂತ ನಡೆಯುವುದನ್ನೇ ಬಿಟ್ಟ ಮಗುವಿಗೆ ಮೂಳೆಯದು, ನರದ್ದು ಅಂತೆಲ್ಲ ಪರೀಕ್ಷೆ ಮಾಡಿ ಕೊನೆಗೆ ನೋಡಿದರೆ ವಿಟಮಿನ್ ಸಿ ಇಲ್ಲ.

ಚಿಕ್ಕಮ್ಮ: ಅಯ್ಯೋ. ಇದು ಗೊತ್ತೇ ಇರಲಿಲ್ಲ.

ಭಾವ: ಸರಿ, ಆದರೆ ವಿಡಿಯೋದಲ್ಲಿ ಹೇಳಿರುವುದು ಸುಮ್ನೆ ಅಲ್ಲ. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಅನ್ನುವ ಪ್ರೋಟೀನುಗಳು ಸರಿಯಾಗಿ ಜೀರ್ಣವಾಗದೆ ಅಫೀಮಿನ ಹಾಗೆ ಮೆದುಳಿಗೆ ಹೋಗುತ್ತದೆ ಅಂತ ವಿವರಿಸಿದ್ದಾರೆ. ನನ್ನ ಜೊತೆ ಕೆಲಸ ಮಾಡುವವರ ಮಗಳಿಗೆ ಇದನ್ನೇ ಮಾಡಿದ್ದು. ನಿದ್ದೆ ಸರಿಹೋಗಿದೆ, ಮಾತು ಜಾಸ್ತಿಯಾಗಿದೆ. ನಾನೇ ನೋಡಿದ್ದೇನೆ.

ನಾನು: ಆ ಅಫೀಮಿನ ವಾದ ಹೊಸದಲ್ಲ ಭಾವ. 1979ರಲ್ಲಿ ಯಾಕ್ ಪಾಂಕ್ಸೆಪ್ ಅನ್ನುವ ವಿಜ್ಞಾನಿ ಆಟಿಸಂಗೂ ಮೆದುಳಿನ ಅಫೀಮಿನಂಥ ರಾಸಾಯನಿಕಗಳಿಗೂ ನಂಟು ಇರಬಹುದು ಅಂದರು. ಆಮೇಲೆ ಬೇರೆಯವರು ಅದನ್ನು ಗೋಧಿ, ಹಾಲಿಗೆ ಜೋಡಿಸಿದರು. ಹಾಗಿದ್ದರೆ ಮಕ್ಕಳ ಮೂತ್ರದಲ್ಲಿ ಆ ಅಫೀಮಿನಂಥ ಅಂಶ ಸಿಗಬೇಕಿತ್ತು. 2008ರಲ್ಲಿ ಒಳ್ಳೆಯ ಉಪಕರಣ ಇಟ್ಟು ಹುಡುಕಿದಾಗ ಸಿಗಲಿಲ್ಲ.

ಭಾವ: ಮಗು ಸುಧಾರಿಸಿದ್ದು ಸುಳ್ಳಾ ಹಾಗಾದರೆ?

ನಾನು: ಸುಳ್ಳು ಅಂತ ಹೇಳುವುದಿಲ್ಲ. ಆ ಹುಡುಗಿಗೆ ಹಾಲು ನಿಜವಾಗಿಯೂ ಒಗ್ಗುತ್ತಿರಲಿಲ್ಲವೇನೋ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಜೀರ್ಣವಾಗದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ನೋಯುತ್ತದೆ. ನೋವು ಹೋದರೆ ಯಾವ ಮಗುವಾದರೂ ಮಲಗುತ್ತದೆ, ನಗುತ್ತದೆ, ಕಲಿಯುತ್ತದೆ. ಅದು ಹೊಟ್ಟೆ ಸರಿಹೋಗಿದ್ದು, ಆಟಿಸಂ ಹೋಗಿದ್ದಲ್ಲ. ಇನ್ನೊಂದು ವಿಷಯ ಇದೆ, ತಾಯಿಯಾಗಿ ಹೇಳುವುದು ಕಷ್ಟ. ನಾವು ಆಸೆಯಿಂದ ನೋಡುತ್ತೇವೆ. 1999ರಲ್ಲಿ ಆಟಿಸಂಗೆ ಅಂತ ಕೊಡುತ್ತಿದ್ದ ಸೀಕ್ರೆಟಿನ್ ಅನ್ನುವ ಇಂಜೆಕ್ಷನ್ ಮೇಲಿನ ಪರೀಕ್ಷೆ ಪ್ರಕಟವಾಯಿತು. 60 ಮಕ್ಕಳು. ಅರ್ಧ ಮಕ್ಕಳಿಗೆ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದ ಹಾಗೆ ಕಂಡರು. ಔಷಧಿಯಿಂದ ಏನೂ ಆಗಿಲ್ಲ ಅಂತ ತಿಳಿಸಿದ ಮೇಲೂ 69% ಅಪ್ಪ ಅಮ್ಮಂದಿರು ಅದೇ ಬೇಕು ಅಂದರು. ನಾನು ಅದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಅವರಲ್ಲಿ ನಾನೂ ಒಬ್ಬಳಾಗಿರುತ್ತಿದ್ದೆ.

ತಮ್ಮ: ಗೋಧಿ ಹಾಲಿನ ಮೇಲೆ ಅಂಥ ಪರೀಕ್ಷೆ ಆಗಿಲ್ಲವಾ ಅಕ್ಕಾ?

ನಾನು: ಆಗಿದೆ, ಚಿಕ್ಕವು. ಅಮೆರಿಕದ ರಾಚೆಸ್ಟರ್‌ನಲ್ಲಿ 14 ಮಕ್ಕಳಿಗೆ ಮೊದಲು ಎರಡನ್ನೂ ಬಿಡಿಸಿ, ಆಮೇಲೆ ಗೊತ್ತಾಗದ ಹಾಗೆ ತಿಂಡಿಯಲ್ಲಿ ಬೆರೆಸಿ ಕೊಟ್ಟು ನೋಡಿದರು. ನಿದ್ದೆ, ಮಲ, ವರ್ತನೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 72 ಮಕ್ಕಳ ಅಧ್ಯಯನದಲ್ಲಿ ಸ್ವಲ್ಪ ಒಳ್ಳೆಯದಾಗಿದೆ ಅಂತ ಬಂತು, ಅದನ್ನೂ ಹೇಳಬೇಕು. ಆದರೆ ಅಲ್ಲಿ ಮಗು ಏನು ತಿನ್ನುತ್ತಿದೆ ಅಂತ ಅಪ್ಪ ಅಮ್ಮನಿಗೆ ಗೊತ್ತಿತ್ತು. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಆಟಿಸಂಗೆ ಅಂತ ಈ ಪಥ್ಯ ಮಾಡಿಸಬೇಡಿ ಅಂದಿದೆ.

ದೊಡ್ಡಪ್ಪ: ಓದಿದವರು ನೀವು, ನೂರು ಹೇಳುತ್ತೀರಿ. ಒಂದು ಸಲ ಮಾಡಿ ನೋಡಿದರೆ ತಪ್ಪೇನು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ನಾನು: ಮಾಡಿ ನೋಡಿದ್ದೇನೆ ದೊಡ್ಡಪ್ಪ. ಈ ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಒಬ್ಬರು ಇದನ್ನೇ ಹೇಳಿದರು. ಡಾಕ್ಟರನ್ನು ಕೇಳದೆ ನಾಲ್ಕು ತಿಂಗಳು ಎರಡನ್ನೂ ನಿಲ್ಲಿಸಿದೆ. ಮೊದಲ ವಾರ ಶಾಂತವಾಗಿದ್ದಾನೆ ಅನ್ನಿಸಿತು, ಖುಷಿಯಿಂದ ಡೈರಿಯಲ್ಲಿ ಬರೆದೂ ಇಟ್ಟೆ. ಈಗ ಯೋಚಿಸಿದರೆ ಮಗು ಸುಸ್ತಾಗಿತ್ತು ಅಷ್ಟೇ. ಎರಡು ಕೆಜಿ ಇಳಿದ. ಬಾದಾಮಿ ಹಾಲು ಒಂದು ಹನಿ ಕುಡಿಯಲಿಲ್ಲ. ಆ ಲೋಟದಲ್ಲಿ ಬೇರೆ ರುಚಿ ಬಂದಿದ್ದಕ್ಕೆ ಲೋಟವನ್ನೇ ಕಂಡರೆ ಹೆದರುತ್ತಿದ್ದ. ಮೊದಲು ತಿನ್ನುತ್ತಿದ್ದ ಮೊಟ್ಟೆಯನ್ನೂ ಆಗಲೇ ಬಿಟ್ಟಿದ್ದು, ಇವತ್ತಿಗೂ ತಿಂದಿಲ್ಲ. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಸೀಲಿಯಾಕ್ (ಗೋಧಿ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇದೆಯಾ ನೋಡಬೇಕಿತ್ತು, ಆದರೆ ಗೋಧಿ ತಿನ್ನುತ್ತಿಲ್ಲವಲ್ಲ ಅಂದರು. ಆ ರಕ್ತಪರೀಕ್ಷೆ ಮಾಡುವಾಗ ಮಗು ಗೋಧಿ ತಿನ್ನುತ್ತಿರಲೇಬೇಕು, ಇಲ್ಲದಿದ್ದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮತ್ತೆ ವಾರಗಟ್ಟಲೆ ಬ್ರೆಡ್ ತಿನ್ನಿಸಿ ಪರೀಕ್ಷೆ ಮಾಡಿಸಿದೆವು. ಸೀಲಿಯಾಕ್ ಇರಲಿಲ್ಲ.

ದೊಡ್ಡಮ್ಮ: ಒಬ್ಬಳೇ ಅನುಭವಿಸಿದೆಯಲ್ಲೇ. ಹೇಳಬಾರದಿತ್ತಾ?

ತಮ್ಮ: ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ?

ನಾನು: ತುಂಬಾ ಇದೆ ಕಣೋ. ನನಗೆ ಸಿಟ್ಟು ಬರುವುದೇ ಅದಕ್ಕೆ. ಇಂಥ ವಿಡಿಯೋ ನೋಡುತ್ತಾ ಕೂತು ನಿಜವಾದ ತೊಂದರೆ ನಮಗೆ ಕಾಣಲೇ ಇಲ್ಲ. ಪುಟ್ಟ ಸೋಫಾದ ಕೈಯ ಮೇಲೆ ಹೊಟ್ಟೆ ಒತ್ತಿ ಮಲಗುತ್ತಿದ್ದದ್ದು, ರಾತ್ರಿ ಎದ್ದು ಕೈ ಕಚ್ಚಿಕೊಳ್ಳುತ್ತಿದ್ದದ್ದು ನಿಮಗೆಲ್ಲ ನೆನಪಿದೆ ಅಲ್ವಾ? ಆಟಿಸಂ ಮಕ್ಕಳು ಹಾಗೇ ಅಂದುಕೊಂಡೆವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರೆ ಗಟ್ಟಿ ಮಲ ತುಂಬಿಕೊಂಡಿದೆ. ಮಲಬದ್ಧತೆ! ಔಷಧಿ ಕೊಟ್ಟು ತಿಂಗಳುಗಟ್ಟಲೆ ನಿಭಾಯಿಸಿದ ಮೇಲೆ ಕೈ ಕಚ್ಚುವುದು ನಿಂತಿತು. ಹೊಟ್ಟೆ ನೋವು ಅಂತ ಹೇಳಲು ಮಾತಿಲ್ಲದ ಮಗು ಇನ್ನು ಹೇಗೆ ಹೇಳಬೇಕಿತ್ತು? ಅಧ್ಯಯನಗಳನ್ನು ಸೇರಿಸಿ ನೋಡಿದವರು 2014ರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಹೊಟ್ಟೆಯ ತೊಂದರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಅಂದಿದ್ದಾರೆ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಭಾವ: ಸರಿ, ಹಾಲು ಗೋಧಿ ಬೇಡ. ರಕ್ತ ತೆಗೆದು ನೂರು ಪದಾರ್ಥದಲ್ಲಿ ಯಾವುದು ಆಗುವುದಿಲ್ಲ ಅಂತ ಹೇಳುವ ಟೆಸ್ಟ್ ಇದೆಯಂತಲ್ಲ, ಅದನ್ನಾದರೂ ಮಾಡಿಸು.

ನಾನು: ಅದು ಐಜಿಜಿ ಟೆಸ್ಟ್ ಭಾವ, ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ ಅಳೆಯುವುದು. ದೇಹ ಯಾವ ಆಹಾರವನ್ನು ಕಂಡಿದೆ ಅಂತ ಅದು ತೋರಿಸುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ಅಲ್ಲ. ಜಾಸ್ತಿ ತಿನ್ನುವುದೇ ಮೇಲೆ ಬಂದು ಕೂರಬಹುದು. ಅಂದರೆ ಪುಟ್ಟನ ಏಳು ಪದಾರ್ಥಕ್ಕೇ ಕೆಂಪು ಗುರುತು. ಅಲರ್ಜಿ ವೈದ್ಯರ ಯುರೋಪಿಯನ್ ಸಂಘ 2008ರಲ್ಲೇ ಈ ಪರೀಕ್ಷೆ ಬೇಡ ಅಂದಿದೆ. ನಿಜವಾದ ಅಲರ್ಜಿ ಬೇರೆ. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರಾಟದ ತೊಂದರೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ನಿಮ್ಮ ಆಫೀಸಿನವರಿಗೂ ಒಂದು ಮಾತು ಹೇಳಿ. ಮಗಳು ಚೆನ್ನಾಗಿದ್ದರೆ ಸಂತೋಷ. ಆದರೆ ಹಾಲು ಬಿಡಿಸಿದ್ದನ್ನು ಡಾಕ್ಟರಿಗೆ ತಿಳಿಸಲಿ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇರೆ ಕಡೆಯಿಂದ ಸಿಗುತ್ತಿದೆಯಾ ನೋಡಿಸಲಿ. ಆಟಿಸಂ ಇರುವ ಹುಡುಗರ ಮೂಳೆ ತೆಳುವಾಗಿತ್ತು, ಹಾಲು ಬಿಟ್ಟವರದು ಇನ್ನೂ ತೆಳು ಅಂತ 2008ರ ಒಂದು ಅಧ್ಯಯನದಲ್ಲಿ ಬಂದಿದೆ.

ಭಾವ: ಹೇಳುತ್ತೇನೆ. ಆದರೆ ಆ ಹುಡುಗಿಗೆ ಊಟ ಬದಲಿಸಿದ್ದರಿಂದಲೇ ಒಳ್ಳೆಯದಾಗಿದ್ದು ಅಂತ ನನಗೆ ಅನ್ನಿಸುತ್ತದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ನಾನು: ಬಿಡಬೇಡಿ. ಪುಟ್ಟನ ತಟ್ಟೆಯಿಂದ ಏನನ್ನೂ ತೆಗೆಯಬೇಡಿ, ಅಷ್ಟು ಸಾಕು.

ದೊಡ್ಡಪ್ಪ: ಭಾನುವಾರ ಮನೆಗೆ ಬರುತ್ತೀರಲ್ಲ. ಅವನಿಗೆ ಏನು ಮಾಡಿಸಲಿ ಹೇಳು ಮತ್ತೆ.

ನಾನು: ಏನೂ ಬೇಡ ದೊಡ್ಡಪ್ಪ, ಅವನದು ನಾವೇ ತರುತ್ತೇವೆ. ನೀವು ತಿನ್ನುವುದನ್ನು ಅವನ ಪಕ್ಕದಲ್ಲೇ ಕೂತು ತಿನ್ನಿ. "ಒಂದೇ ಒಂದು ತುತ್ತು" ಅಂತ ಯಾರೂ ಹೇಳಬೇಡಿ. ತಿಂದರೆ ಚಪ್ಪಾಳೆಯೂ ಬೇಡ, ಅವನಿಗೆ ಆ ಸದ್ದು ಆಗುವುದಿಲ್ಲ. ಈಗ ಬ್ರೆಡ್ಡನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಕಾಯಿಸಿ ಕೊಡುತ್ತಿದ್ದೇವೆ, ಗರಿಗರಿ ಅಭ್ಯಾಸವಾಗಲಿ ಅಂತ. ಐದು ವಾರ ಆಯಿತು. ಮೊನ್ನೆ ಅಂಚು ಕತ್ತರಿಸದೆ ಕೊಟ್ಟೆ, ಮುಟ್ಟಿ ನೋಡಿ ಪಕ್ಕಕ್ಕಿಟ್ಟ. ಎಸೆಯಲಿಲ್ಲ.

ದೊಡ್ಡಪ್ಪ: ತಟ್ಟೆ ಯಾವುದು ಇಡಲಿ?

ನಾನು: ನೀಲಿ ಬಣ್ಣದ್ದು, ಮೂರು ಭಾಗ ಇರುವುದು. ಅದನ್ನೂ ತರುತ್ತೇವೆ. ಕಿಟಕಿ ಪಕ್ಕದ ಕುರ್ಚಿ ಖಾಲಿ ಇಟ್ಟಿರಿ ಸಾಕು.

ದೊಡ್ಡಪ್ಪ: ಅದು ನನ್ನ ಕುರ್ಚಿ. ಇಟ್ಟಿರುತ್ತೇನೆ ಬಾ.